ಮಳೆಗೆ ಬಾಯಿಬಿಟ್ಟ ತಗಡು

ಊರಿನಲ್ಲಿ ಯಾರ ಮನೆ ಸೋರಿದರೂ ಮೊದಲು ಬೈಸಿಕೊಳ್ಳುವುದು ಆಕಾಶ, ಆಮೇಲೆ ಠಣಠಣ ಮಾವ. ಆಕಾಶಕ್ಕೆ ಬೈದವರು ಬೈದು ಸುಮ್ಮನಾಗುತ್ತಾರೆ. ಮಾವನಿಗೆ ಬೈದವರು ಮಾರನೆಯ ದಿನವೇ ಅವನ ಅಂಗಡಿಯ ಮುಂದೆ ನಿಂತು, "ಮಾವ, ಒಂಚೂರು ಬಂದು ನೋಡ್ತೀರಾ?" ಎಂದು ಹಲ್ಲು ಗಿಂಜುತ್ತಾರೆ. ಮಾವ ಗೊಣಗುತ್ತಾನೆ, ಬರುವುದಿಲ್ಲ ಎನ್ನುತ್ತಾನೆ, ಆಮೇಲೆ ಏಣಿ ಹೆಗಲಿಗೇರಿಸಿಕೊಂಡು ಅವರಿಗಿಂತ ಮುಂದೆ ಹೊರಡುತ್ತಾನೆ. ಅವನ ಸ್ವಭಾವವೇ ಹಾಗೆ. ಬಾಯಿ ಒಂದು ಹೇಳಿದರೆ ಕಾಲು ಇನ್ನೊಂದು ಮಾಡುತ್ತದೆ.

ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇದೆ. ಅದನ್ನು ಕೂಗಿದರೆ ಅವನು ತಿರುಗಿ ನೋಡುವುದಿಲ್ಲ. ಸುತ್ತಿಗೆಯ ಸದ್ದೇ ಹೆಸರಾಗಿ, ಅಜ್ಜಿಯರಿಂದ ಹಿಡಿದು ಕೂಸುಗಳವರೆಗೆ ಎಲ್ಲರಿಗೂ ಅವನು ಮಾವ, ಅವನ ಹೆಂಡತಿ ಅತ್ತೆ. ಗಿಡ್ಡ ಆಳು, ಹುರಿಗಟ್ಟಿದ ಕಾಲು, ತಲೆಗೆ ಸುತ್ತಿದ ಟವಲು. ಹಳೆಯ ತಗಡಿನ ಚಾವಣಿಯ ಮೇಲೆ ಅವನು ನಡೆದರೆ ಕೆಳಗೆ ಮಲಗಿದ ಮಗುವಿಗೆ ಎಚ್ಚರವಾಗದು. ಎಲ್ಲಿ ಕಾಲಿಟ್ಟರೆ ಕೆಳಗೆ ಮರದ ತೊಲೆ ಇದೆ, ಎಲ್ಲಿ ಕಾಲಿಟ್ಟರೆ ತುಕ್ಕು ಹಿಡಿದ ತಗಡು ಒಡೆದು ಮನುಷ್ಯ ನೇರ ಅಡುಗೆಮನೆಗೆ ಇಳಿಯುತ್ತಾನೆ ಎಂಬುದು ಅವನ ಅಂಗಾಲಿಗೆ ಗೊತ್ತು.

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಚಾವಣಿಯ ಮೇಲೆ ಬಡಿಯುವ ಸದ್ದು ಕೇಳಿದರೆ, ಅದರ ಕೆಳಗೆ ಹಾಯುವವರು ನಿಂತು, "ಮೇಲ್ಯಾರು?" ಎಂದು ಕೂಗಬೇಕು. ಮೇಲಿದ್ದವನು, "ನಾನು!" ಎನ್ನಬೇಕು. ಆ ಉತ್ತರ ಬಂದಿತೆಂದರೆ ಅವನು ಸುತ್ತಿಗೆ, ಮೊಳೆ, ಕತ್ತರಿ ಎಲ್ಲ ಹಿಡಿದುಕೊಂಡಿದ್ದಾನೆ, ಕೆಳಗಿನವರು ತಲೆ ಒಡೆಸಿಕೊಳ್ಳದೆ ದಾಟಬಹುದು ಎಂದರ್ಥ. ಮಾವನ "ನಾನು!" ಬೀದಿಯ ಆ ತುದಿಗೆ ಕೇಳುತ್ತಿತ್ತು. ಅದನ್ನು ಹೇಳುವಾಗ ಅವನ ಎದೆ ಒಂದಿಷ್ಟು ಉಬ್ಬುತ್ತಿತ್ತು ಎಂದರೆ ಸುಳ್ಳಲ್ಲ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ನಡುವೆ ನೆಲದಲ್ಲಿ ಹೂತ ಎರಡು ಗೂಟಗಳ ಮೇಲೆ ಒಂದು ಕಬ್ಬಿಣದ ತೊಲೆ. ಅದರ ಈಚೆ ಮಾವ, ಆಚೆ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಎದುರು ಕೂತು ತಗಡಿನ ಇನ್ನೊಂದು ತುದಿ ಅಲ್ಲಾಡದಂತೆ ಹಿಡಿಯುತ್ತಿದ್ದಳು. ಹಿಡಿಯುತ್ತ ಹಿಡಿಯುತ್ತ ನೋಡಿದಳು, ನೋಡುತ್ತ ನೋಡುತ್ತ ಕಲಿತಳು. ಈಗ ಬಕೆಟ್ಟು, ಮೊರ, ಕಸದ ಡಬ್ಬಿ, ಎಣ್ಣೆಯ ಆಲಿಕೆ ಎಲ್ಲವೂ ಅವಳ ಕೈಯದೇ. ಚಾವಣಿ ಮಾತ್ರ ಮಾವನದು. ಅತ್ತೆಗೆ ಅವಳದೇ ಮರದ ಕೊಡತಿ ಇತ್ತು. ಮಾವನ ಕಬ್ಬಿಣದ ಸುತ್ತಿಗೆ ಗೋಡೆಯ ಮೊಳೆಗೆ ತೂಗುತ್ತಿತ್ತು, ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದರ ಮೂತಿಯ ಒಂದು ಮೂಲೆ ಚಕ್ಕೆ ಎದ್ದು, ಬಡಿದ ಕಡೆಯೆಲ್ಲ ಕತ್ತರಿಸಿದ ಉಗುರಿನಂಥ ಗುರುತು ಬೀಳುತ್ತಿತ್ತು. "ಅದು ನನ್ನ ಸಹಿ," ಎನ್ನುತ್ತಿದ್ದ ಮಾವ.

ಮಾವನಿಗೆ ಹೆದರಿಕೆ ಎಂಬುದು ಇದ್ದರೆ ಅದು ಎತ್ತರದ್ದಲ್ಲ, ಅಪ್ಪನದು. ಅಪ್ಪನೂ ಇದೇ ಕೆಲಸದವನು, ಇವನಿಗಿಂತ ದೊಡ್ಡ ಹೆಸರು ಮಾಡಿದವನು. ವಯಸ್ಸಾದಮೇಲೆ ಒಂದು ದಿನ ತಾನೇ ಹೊದಿಸಿದ ಚಾವಣಿಯನ್ನು ನೋಡಿ, "ಯಾವ ಮುಠ್ಠಾಳ ಹೊದಿಸಿದ್ದು ಇದನ್ನ?" ಎಂದು ಕೇಳಿದ. ಕೆಳಗಿದ್ದವರು ನಕ್ಕರು. ಮಾವ ನಗಲಿಲ್ಲ. ಅಲ್ಲಿಂದ ಶುರುವಾದದ್ದು ಸುತ್ತಿಗೆಯನ್ನು ಕೈಯಲ್ಲಿ ಹಿಡಿದು, "ಇದು ಯಾತಕ್ಕೆ?" ಎಂದು ಮಗನನ್ನೇ ಕೇಳುವವರೆಗೆ ಹೋಯಿತು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಮಾವ ಎಲ್ಲರ ಎದುರು ಹೇಳಿಬಿಟ್ಟಿದ್ದ: "ನನ್ನ ಕೆಲಸ ನನಗೇ ಗುರುತು ಸಿಗಲಿಲ್ಲ ಅಂದ್ರೆ, ಆವತ್ತೇ ಸುತ್ತಿಗೆ ಕೆಳಗಿಡ್ತೀನಿ. ಏಣಿ ಒಲೆಗೆ ಹಾಕ್ತೀನಿ." ಆಡಿದ ಮಾತು ಊರಿಗೆಲ್ಲ ಗೊತ್ತು. ಅತ್ತೆಗಂತೂ ಬಾಯಿಪಾಠ.

ಹೀಗಿರುವಾಗ ಮಳೆಗಾಲ ಶುರುವಾಗಿ, ಗಾಳಿ ಸಮೇತ ಒಂದು ದೊಡ್ಡ ಮಳೆ ಹೊಡೆದ ಬೆಳಿಗ್ಗೆ, ಹೊಲಿಗೆ ಟೀಚರಮ್ಮ ಅಂಗಡಿಗೆ ಬಂದರು. ಹಿಂದಿನ ಬೀದಿಯ ಸಾಲುಮನೆಗಳಲ್ಲಿ ಅವರದೊಂದು. ಮನೆಯ ಹಿಂಗೋಡೆಗೆ ಒರಗಿಸಿ ತಗಡಿನ ಇಳಿಜಾರು ಹಾಕಿ ಒಂದು ಕೋಣೆ ಮಾಡಿಕೊಂಡು, ಅಲ್ಲಿ ಹೊಲಿಗೆ ಕಲಿಸುತ್ತಿದ್ದರು. ಬಂದವರು ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು.

"ಅತ್ತೆ ಇಲ್ವಾ ಮಾವ?"

"ತಂಗಿ ಮನೆಗೆ ಹೋಗವಳೆ. ಏನಾಗ್ಬೇಕಿತ್ತು?"

"ಏನಿಲ್ಲ. ಅತ್ತೆ ಬಂದ್ಮೇಲೆ ಬರ್ತೀನಿ ಬಿಡಿ."

"ಬಕೆಟ್ ತೂತಾಯ್ತಾ?"

ಟೀಚರಮ್ಮ ಬೀದಿಯ ಕಡೆ ನೋಡಿದರು. "ಇಲ್ಲ... ಚಾವಣಿ ಸೋರ್ತಿದೆ. ಮಿಷಿನ್ನಿನ ಮೇಲೇ ಬೀಳ್ತಿದೆ."

"ಚಾವಣಿ ಸೋರಿದ್ರೆ ಅವಳ್ಯಾಕಮ್ಮ? ಅವಳೇನು ಮೇಲೆ ಹತ್ತಿ ಸೆರಗು ಹಾಸ್ತಾಳಾ?" ಮಾವ ತನ್ನ ಮಾತಿಗೆ ತಾನೇ ನಕ್ಕ. ಟೀಚರಮ್ಮ ನಗಲಿಲ್ಲ. ಮಾವನಿಗೆ ಅದು ವಿಚಿತ್ರವೆನಿಸಿತು. ಅವರು ಸಾಮಾನ್ಯವಾಗಿ ಅರ್ಧ ಮಾತಿಗೇ ನಗುವ ಹೆಂಗಸು.

ಆ ಕೋಣೆಯ ಚಾವಣಿ ಹಳೆಯದು. ಹೋದ ಬೇಸಿಗೆಯಲ್ಲಿ ಮಾವನೇ ರಿಪೇರಿ ಮಾಡಿದ್ದ. ತುಕ್ಕು ತಿಂದ ತಗಡು ಬದಲಾಯಿಸಿ, ಸಡಿಲವಾದ ಮೊಳೆಗೆಲ್ಲ ಹೊಸ ವಾಷರ್ ಹಾಕಿ, ಕೊನೆಯಲ್ಲಿ ಗೋಡೆಯೂ ಚಾವಣಿಯೂ ಕೂಡುವ ಕಡೆ ಉದ್ದಕ್ಕೂ ತಗಡಿನ ಪಟ್ಟಿ ಕೂರಿಸಿದ್ದ. ಹಾರ್ಡ್‌ವೇರ್ ಅಂಗಡಿಯವರು ಅದಕ್ಕೆ ಫ್ಲಾಶಿಂಗ್ ಎನ್ನುತ್ತಾರೆ. ಮಾವ ಪಟ್ಟಿ ಎನ್ನುತ್ತಾನೆ. ಚಾವಣಿಯ ಮಾನ ಇರುವುದೇ ಆ ಪಟ್ಟಿಯಲ್ಲಿ. ಗೋಡೆಯಲ್ಲಿ ಉದ್ದಕ್ಕೆ ಒಂದು ಗೀರು ಕೊರೆದು, ಪಟ್ಟಿಯ ಮೇಲಂಚನ್ನು ಅದರೊಳಗೆ ತೂರಿಸಿ, ಗಾರೆ ತುಂಬಿ ಮುಚ್ಚಬೇಕು. ಕೆಳಗಿನ ಅಂಚು ಚಾವಣಿಯ ಮೇಲೆ ಸೆರಗಿನಂತೆ ಬೀಳಬೇಕು. ಒಂದೇ ಪಟ್ಟಿ ಗೋಡೆಯುದ್ದ ಸಾಲದು, ತುಂಡಿಗೆ ತುಂಡು ಕೊಕ್ಕೆಯಂತೆ ಮಡಚಿ ಜೋಡಿಸಬೇಕು. ಆ ಮಡಿಕೆಗೆ ಒಂದು ಬಾಯಿ ಇರುತ್ತದೆ. ಅದು ಗಾಳಿಯ ಕಡೆಗೆ ಬೆನ್ನು ಹಾಕಿರಬೇಕು. ಈ ಊರಿನಲ್ಲಿ ಗಾಳಿಮಳೆ ಬರುವುದು ನೀರಿನ ಟ್ಯಾಂಕಿನ ಕಡೆಯಿಂದ. ಸಾಲುಮನೆಗಳೆಲ್ಲ ಒಂದೇ ಅಚ್ಚಿನವು. ಚಾವಣಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತರೆ ಟ್ಯಾಂಕು ಎಡಕ್ಕೆ. ಹಾಗಾಗಿ ಮಡಿಕೆಯ ಬಾಯಿ ಯಾವತ್ತೂ ಬಲಕ್ಕೆ. ಇದನ್ನು ಮಾವ ಯೋಚಿಸಿ ಮಾಡುವುದಿಲ್ಲ. ಊಟಕ್ಕೆ ಕೂತವನು ತುತ್ತು ಬಾಯಿಗೆ ಇಡಬೇಕೋ ಕಿವಿಗೆ ಇಡಬೇಕೋ ಎಂದು ಯೋಚಿಸುತ್ತಾನೆಯೇ?

ಮಾವ ಟೀಚರಮ್ಮನ ಹಿಂದೆಯೇ ಹೋಗಿ ಏಣಿ ಹತ್ತಿದ. ತೊಲೆಯ ಮೇಲೆ ಕಾಲಿಡುತ್ತ ಗೋಡೆಯವರೆಗೆ ಹೋದ, ಪಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೂತವನು ಹಾಗೇ ಉಳಿದ.

ಮೂಲೆಯ ತುಂಡಿನ ಮಡಿಕೆಯ ಬಾಯಿ ಎಡಕ್ಕಿತ್ತು.

ನೀರಿನ ಟ್ಯಾಂಕಿನ ಕಡೆಗೆ, ಬರುವ ಮಳೆಯನ್ನೆಲ್ಲ ನುಂಗುತ್ತೇನೆ ಎಂಬಂತೆ ಬಾಯಿ ಬಿಟ್ಟುಕೊಂಡಿತ್ತು. ಮಾವನಿಗೆ ಮೊದಲು ಬಂದದ್ದು ಸಿಟ್ಟು. "ಯಾವ ಮುಠ್ಠಾಳ..." ಎಂದು ಶುರು ಮಾಡಿದವನು ಅರ್ಧದಲ್ಲೇ ನಿಲ್ಲಿಸಿದ. ಅಪ್ಪನ ಮಾತು ತನ್ನ ಬಾಯಲ್ಲಿ ಬಂದದ್ದು ಕೇಳಿ ಅವನಿಗೇ ಮೈ ಜುಮ್ಮೆಂದಿತು. ಬಗ್ಗಿ ನೋಡಿದ. ತಗಡು ತನ್ನ ಅಂಗಡಿಯದೇ, ಸಂಶಯವಿಲ್ಲ. ಕತ್ತರಿಸಿದ ಅಂಚು ಒಳಗೆ ಮಡಚಿದ ರೀತಿ ತನ್ನದೇ. ಮಡಿಕೆಯ ಉದ್ದಕ್ಕೂ ಕತ್ತರಿಸಿದ ಉಗುರಿನಂಥ ಗುರುತುಗಳು. ತನ್ನ ಸಹಿ.

ತಗಡು ನನ್ನದು, ಸುತ್ತಿಗೆ ನನ್ನದು. ಕೈ ಯಾರದು?

ಅವನು ಪಕ್ಕದ ಮಡಿಕೆ ನೋಡಿದ. ಬಲಕ್ಕಿದೆ. ಅದರ ಪಕ್ಕದ್ದೂ ಬಲಕ್ಕಿದೆ. ಈ ಒಂದು ಮಾತ್ರ ಎಡಕ್ಕೆ. ತಾನು ಯಾವಾಗ ಹೀಗೆ ಮಾಡಿದೆ ಎಂದು ನೆನಪು ಕೆದಕಿದ. ಆ ದಿನದ ಬಿಸಿಲು ನೆನಪಿತ್ತು, ಟೀಚರಮ್ಮ ಕೊಟ್ಟ ಚಹಾದಲ್ಲಿ ಸಕ್ಕರೆ ಹೆಚ್ಚಾಗಿದ್ದು ನೆನಪಿತ್ತು. ಎಡಕ್ಕೆ ಮಡಚಿದ್ದು ಮಾತ್ರ ನೆನಪಿರಲಿಲ್ಲ.

ಕೆಳಗಿನಿಂದ ಟೀಚರಮ್ಮ ಕೂಗಿದರು. "ಮೇಲ್ಯಾರು? ದಾಟಬಹುದಾ?"

ಮಾವನ ಗಂಟಲಿನಿಂದ "ನಾನು" ಹೊರಡಲಿಲ್ಲ. ಸುತ್ತಿಗೆಯಿಂದ ತಗಡಿನ ಮೇಲೆ ಒಮ್ಮೆ ಕುಟ್ಟಿದ, ಅಷ್ಟೇ. ಹೇಗೋ ಇಳಿದು, "ನಾಳೆ ಬರ್ತೀನಮ್ಮ, ಸಾಮಾನು ತರ್ಬೇಕು," ಎಂದು ಏಣಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದ.

ಸಂಜೆ ಅತ್ತೆ ತಂಗಿಯ ಮನೆಯಿಂದ ಬಂದಳು. ಬಂದವಳಿಗೆ ಗಂಡನ ವರ್ತನೆಯ ತಲೆಬುಡ ತಿಳಿಯಲಿಲ್ಲ. ಊಟದ ನಡುವೆ ಅವನು ಇದ್ದಕ್ಕಿದ್ದಂತೆ, "ನಿನ್ನ ತಂಗಿ ಗಂಡನ ಸೈಕಲ್ ಯಾವ ಬಣ್ಣ?" ಎಂದು ಕೇಳಿದ.

"ಹಸಿರು. ಯಾಕ್ರೀ?"

"ಸರಿಯಾಗಿದೆ," ಎಂದು ತಲೆಯಾಡಿಸಿ ಮತ್ತೆ ಊಟ ಮಾಡತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಮದುವೇಲಿ ನಿಮ್ಮ ದೊಡ್ಡಪ್ಪ ಯಾಕೆ ಸಿಟ್ಟು ಮಾಡ್ಕೊಂಡಿದ್ರು?"

"ಚಪ್ಪಲಿ ಕಳೆದುಹೋಗಿತ್ತು. ಅದೆಲ್ಲ ಈಗ್ಯಾಕೆ?"

"ಅದೂ ಸರಿಯಾಗಿದೆ."

ಮಾವ ತನ್ನ ತಲೆಯನ್ನು ತಾನೇ ಪರೀಕ್ಷೆಗೆ ಕೂರಿಸಿದ್ದ. ಮಗ್ಗಿ ಹೇಳಿಕೊಂಡ, ಸಾಲುಮನೆಗಳ ಯಜಮಾನರ ಹೆಸರು ಎಣಿಸಿದ, ಸತ್ತ ನಾಯಿಯ ಹೆಸರೂ ನೆನಪಾಯಿತು. ಎಲ್ಲದರಲ್ಲೂ ಪಾಸು. ಆದರೂ ಆ ಎಡಗಡೆಯ ಮಡಿಕೆ ಕಣ್ಣ ಮುಂದೆ ಬಂದರೆ ಪಾಸಾದದ್ದೆಲ್ಲ ಫೇಲು. ಇತ್ತ ಅತ್ತೆ ಬೇರೊಂದು ಲೆಕ್ಕ ಹಾಕುತ್ತಿದ್ದಳು. ಚಪ್ಪಲಿಯ ಸುದ್ದಿ ಕೆದಕುತ್ತಿದ್ದಾನೆ ಎಂದರೆ ಇವನಿಗೆ ಇನ್ನೇನೋ ಗೊತ್ತಾಗಿದೆ ಎಂದು ಅವಳ ಎಣಿಕೆ. ಬಾಯಿ ಬಿಟ್ಟು ಕೇಳುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕದ್ದು ನೋಡುತ್ತ ಉಂಡು ಎದ್ದರು.

ಬೆಳಿಗ್ಗೆ ಮಾವ ಟೀಚರಮ್ಮನ ಮನೆಗೆ ಹೋಗಲಿಲ್ಲ. ಅದೇ ಸಾಲಿನ ಕ್ಷೌರಿಕನ ಮನೆಗೆ ಹೋದ. ಅದರ ಹಿಂದಿನ ಚಾವಣಿಯ ಪಟ್ಟಿಯೂ ತಾನೇ ಹಾಕಿದ್ದು. ಸುಮ್ಮನೆ ನೋಡಿ ಬರುತ್ತೇನೆ, ಅಲ್ಲಿ ಎಲ್ಲ ಸರಿಯಿದ್ದರೆ ಟೀಚರಮ್ಮನ ಮನೆಯದು ಒಂದು ದಿನದ ಕೈತಪ್ಪು ಎಂದು ಬಿಡೋಣ, ಇದು ಅವನ ಲೆಕ್ಕ. ಹತ್ತಿ ನೋಡಿದ. ಅಲ್ಲೂ ಒಂದು ಎಡಕ್ಕೆ. ಅದರ ಪಕ್ಕದಲ್ಲಿ ಇನ್ನೊಂದು ಎಡಕ್ಕೆ. ಎರಡರ ಮೇಲೂ ಅವನ ಸಹಿ.

ಮಾವ ಕೆಳಗಿಳಿದು ಮೆಟ್ಟಿಲ ಮೇಲೆ ಕೂತುಬಿಟ್ಟ. ಕ್ಷೌರಿಕ ಕೈಯಲ್ಲಿ ಬಾಚಣಿಗೆ ಹಿಡಿದೇ ಬಂದ.

"ಏನ್ಮಾವ, ಹೇಳ್ದೆ ಕೇಳ್ದೆ ಹತ್ತಿಬಿಟ್ರಿ? ನಮ್ಮನೆ ಸೋರ್ತಿದೆ ಅಂತ ನಾನೇನೂ ಹೇಳ್ಲಿಲ್ವಲ್ಲ."

"ನಿಮ್ಮನೆ ಪಟ್ಟಿ ನಾನು ಹಾಕಿದ್ದು ತಾನೆ?"

"ಮತ್ತಿನ್ಯಾರು?"

"ಆಮೇಲೆ ಯಾರಾದ್ರೂ ಹತ್ತಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ, ಕ್ಷೌರಿಕ ಆ ಜಾತಿಯವನು. "ಯಾರು ಹತ್ತಾರೆ ಮಾವ? ಯಾರೂ ಇಲ್ಲ! ಮಧ್ಯಾಹ್ನ ನಾನು ಅಂಗಡೀಲಿರ್ತೀನಿ, ನಂಗೇನು ಗೊತ್ತು? ನಂಗೊತ್ತೇ ಇಲ್ಲ!" ಎಂದು ಮೂರು ಬಾಗಿಲಿನಿಂದ ಒಂದೇ ಸಲ ಓಡುವವನಂತೆ ತಡವರಿಸಿದ. ಬೇರೆ ದಿನವಾಗಿದ್ದರೆ ಮಾವ ಅವನ ಜುಟ್ಟು ಹಿಡಿದು ಸತ್ಯ ಹೊರಡಿಸುತ್ತಿದ್ದ. ಆದರೆ ಆ ಹೊತ್ತಿಗೆ ಮಾವನ ಮನಸ್ಸು ಎದುರಿಗಿದ್ದವನ ಮುಖದ ಮೇಲೆ ಇರಲಿಲ್ಲ. ಯಾರೂ ಹತ್ತಿಲ್ಲ ಎಂದರೆ ತಾನೇ. ಯಾವುದೋ ದಿನ, ಯಾವುದೋ ಮಂಪರಿನಲ್ಲಿ ತಾನೇ ಏಣಿ ಹತ್ತಿ, ಸರಿಯಾಗಿದ್ದುದನ್ನು ಬಿಚ್ಚಿ ಉಲ್ಟಾ ಬಡಿದು, ಇಳಿದು ಮರೆತಿದ್ದಾನೆ. ಅಪ್ಪನದು ಹೀಗೇ ಶುರುವಾಗಿತ್ತಲ್ಲ.

ಅವನಿಗೆ ಅಳು ಬಂತು. ಟವಲಿನಿಂದ ಮುಖ ಒರೆಸಿಕೊಂಡು, ಬೆವರು ಎಂದ. ಕ್ಷೌರಿಕ ಪಾಪ, ಹೌದು ಬಿಸಿಲು ಜಾಸ್ತಿ ಎಂದ. ಮೋಡ ಕವಿದಿತ್ತು.

ಏಣಿ ಟೀಚರಮ್ಮನ ಮನೆಯಲ್ಲಿತ್ತು. ಒಲೆಗೆ ಹಾಕುವುದಾದರೂ ಮೊದಲು ತರಬೇಕಲ್ಲ ಎಂದುಕೊಂಡು ಮಾವ ಅಲ್ಲಿಗೆ ಹೋದ. ಟೀಚರಮ್ಮ ಕೋಣೆಯಲ್ಲಿ ಮಿಷಿನ್ನನ್ನು ಒಂದು ಮೂಲೆಗೆ ಸರಿಸಿ, ಸೋರುವ ಜಾಗಕ್ಕೆ ಬಕೆಟ್ಟಿಟ್ಟು, ಕಿಟಕಿಯ ಬಳಿ ಕೂತು ಯಾವುದೋ ರವಿಕೆಯ ಹೊಲಿಗೆ ಬಿಚ್ಚುತ್ತಿದ್ದರು. ಮಾವನ ಮುಖ ನೋಡಿ ಸ್ಟೂಲು ಸರಿಸಿದರು.

"ಕೂತ್ಕೊಳ್ಳಿ ಮಾವ. ಮುಖ ಯಾಕೆ ಹಾಗಿದೆ?"

ಮಾವ ಕೂತ. ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟ. "ಟೀಚರಮ್ಮ, ನನ್ನ ತಲೆ ಕೆಟ್ಟಿದೆ. ನಿಮ್ಮ ಪಟ್ಟೀಲಿ ಒಂದು ಮಡಿಕೆ ಉಲ್ಟಾ ಇದೆ. ನಂದೇ ತಗಡು, ನಂದೇ ಏಟು, ಆದ್ರೆ ಎಡಗಡೆಗಿದೆ. ನಾನು ಹಾಗೆ ಮಾಡೋನಲ್ಲ. ಮಾಡಿದ್ದೂ ನೆನಪಿಲ್ಲ. ನಮ್ಮಪ್ಪಂಗೂ ಹಿಂಗೇ ಆಗಿತ್ತು."

ಟೀಚರಮ್ಮನ ಕೈಯಲ್ಲಿದ್ದ ಕತ್ತರಿ ನಿಂತಿತು. ಯಾರಿಗೋ ಕೊಟ್ಟ ಮಾತು ಒಂದು ಕಡೆ, ಎದುರಿಗೆ ಕೂತ ಮುದುಕನ ಮುಖ ಒಂದು ಕಡೆ. ಕೊನೆಗೆ ಕೈಯಲ್ಲಿದ್ದ ರವಿಕೆಯನ್ನು ಅವನ ಮುಂದೆ ಹಿಡಿದರು.

"ಇದನ್ನ ನೋಡಿ. ಈ ಅಂಚು ಹೊರಳಿಸಿರೋದು ಉಲ್ಟಾ. ಹೊಲಿದವಳು ದಡ್ಡಿಯಲ್ಲ, ಬಲು ಚುರುಕು. ಆದ್ರೆ ಕಲಿಯೋವಾಗ ನನ್ನ ಪಕ್ಕ ಜಾಗ ಇರ್ಲಿಲ್ಲ, ಎದುರಿಗೆ ಕೂತಳು. ಎದುರು ಕೂತು ಕಲಿತೋರಿಗೆ ನನ್ನ ಬಲ ಅವರ ಎಡ. ಕೈ ಅಂದ್ರೆ ನನ್ನ ಕೈಯೇ, ಆದ್ರೆ ಕನ್ನಡೀಲಿ ನೋಡ್ದಂಗೆ. ಎಷ್ಟು ಜನಕ್ಕೆ ಹಿಂಗಾಗಿದೆ ಗೊತ್ತಾ?" ಎಂದು ಹೇಳಿ, ಅವನ ಕಣ್ಣು ತಪ್ಪಿಸಿ ಮತ್ತೆ ದಾರ ಎಳೆಯತೊಡಗಿದರು.

ಮಾವನಿಗೆ ಏನೂ ಅರ್ಥವಾಗಲಿಲ್ಲ. ನಾನು ಚಾವಣಿ ಎಂದರೆ ಇವರು ರವಿಕೆ ಎನ್ನುತ್ತಾರೆ, ಎತ್ತಣಿಂದೆತ್ತ ಸಂಬಂಧ ಎಂದುಕೊಂಡ. ನೆಲದಲ್ಲಿ ಇಟ್ಟ ಬಕೆಟ್ಟಿನೊಳಗೆ ಟಪ್ ಎಂದು ಒಂದು ಹನಿ ಬಿತ್ತು. ಮಾವ ಬಕೆಟ್ಟನ್ನು ನೋಡಿದ. ಅದು ಅವನ ಅಂಗಡಿಯದೇ ಬಕೆಟ್ಟು. ಪಕ್ಕದಲ್ಲಿ ಮೇಲಿನಿಂದ ಕೆಳಗೆ ಒಂದು ಮಡಿಕೆ, ಬಕೆಟ್ಟಿಗೆಲ್ಲ ಇರುವಂಥದು.

ಅದರ ಬಾಯಿ ಎಡಕ್ಕಿತ್ತು.

ಮಾವ ಎದ್ದ. ಏಣಿಯನ್ನು ಮತ್ತೆ ಅಲ್ಲೇ ಮರೆತು ಬಿರಬಿರನೆ ಮನೆಗೆ ಬಂದ. ಅಂಗಡಿಯ ಬಾಗಿಲಲ್ಲಿ ಬಕೆಟ್ಟುಗಳು ಸಾಲಾಗಿ ತೂಗುತ್ತಿದ್ದವು. ಒಂದೊಂದನ್ನೇ ಹಿಡಿದು ತಿರುಗಿಸಿದ. ಎಡಕ್ಕೆ. ಇದೂ ಎಡಕ್ಕೆ. ಕಸದ ಡಬ್ಬಿಯೂ ಎಡಕ್ಕೆ, ಎಣ್ಣೆಯ ಆಲಿಕೆಯೂ ಎಡಕ್ಕೆ. ಬಕೆಟ್ಟಿಗೆ ಗಾಳಿಯೇನು, ಮಳೆಯೇನು? ಅದರ ಬಾಯಿ ಯಾವ ಕಡೆಗಿದ್ದರೂ ನೀರು ನಿಲ್ಲುತ್ತದೆ. ಹಾಗಾಗಿ ಇಷ್ಟು ಕಾಲ ಯಾರೂ ಕೇಳಿರಲಿಲ್ಲ, ಇವನೂ ನೋಡಿರಲಿಲ್ಲ. ಕಂಕುಳಲ್ಲಿ ಮಗುವಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಕಬ್ಬಿಣದ ತೊಲೆಯ ಆಚೆ ಅತ್ತೆ ಕೂತಿದ್ದಳು. ಕೈಯಲ್ಲಿ ಕೊಡತಿ, ಮುಂದೆ ಅರ್ಧ ಮುಗಿದ ಬಕೆಟ್ಟು. ಗಂಡ ಬಕೆಟ್ಟುಗಳನ್ನು ತಿರುಗಿಸುವುದನ್ನು ನೋಡಿದಾಗಲೇ ಅವಳಿಗೆ ಎಲ್ಲ ತಿಳಿದಿತ್ತು.

"ನೀನಾ?" ಎಂದ ಮಾವ.

ಅತ್ತೆ ಕೊಡತಿ ಕೆಳಗಿಟ್ಟಳು. "ಹೂಂ."

ಮಾವ ನಕ್ಕುಬಿಟ್ಟ. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ನಿನ್ನ! ನಾನಲ್ಲ! ನನ್ನ ತಲೆ ಸರಿ ಇದೆ ಕಣೇ! ನಾನು ಹುಚ್ಚ ಆದೆ ಅಂತ ಏಣಿ ಸುಡೋಕೆ ಹೊರಟಿದ್ದೆ! ಅಲ್ಲ, ನೀನು ಮೇಲೆ ಹತ್ತಿದ್ಯಾ? ಈ ಮಂಡಿ ನೋವು ಇಟ್ಕೊಂಡು? ನನ್ನ ಸುತ್ತಿಗೆ ತಗೊಂಡು? ಯಾವಾಗ?"

"ಮಧ್ಯಾಹ್ನ. ನೀವು ಮಲಗಿರೋವಾಗ."

"ಊರಿಗೆಲ್ಲ ಗೊತ್ತಾ?"

"ಗೊತ್ತಿರೋರಿಗೆ ಗೊತ್ತು. ನಾನೇ ಹೇಳ್ಬೇಡಿ ಅಂದಿದ್ದೆ."

"ಕ್ಷೌರಿಕ ತಡವರಿಸಿದ್ದು ಅದಕ್ಕಾ! ಟೀಚರಮ್ಮ ನಿನ್ನ ಕೇಳಿದ್ದು ಅದಕ್ಕಾ!" ಮಾವ ಮತ್ತೆ ನಕ್ಕ. ನಗುತ್ತ ನಗುತ್ತ ತನ್ನ ಜಾಗದಲ್ಲಿ, ತೊಲೆಯ ಈಚೆ ಕೂತ. ಅತ್ತೆ ಮಾತ್ರ ನಗುತ್ತಿಲ್ಲ ಎಂಬುದು ಅವನಿಗೆ ಆಗ ಕಂಡಿತು.

ನಗು ನಿಧಾನವಾಗಿ ನಿಂತಿತು.

"ಯಾಕೆ ಹತ್ತಿದೆ?" ಎಂದು ಕೇಳಿದ.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೇಳು. ಅಲ್ಲೇನಾಗಿತ್ತು?"

"ಗೀರಿಗೆ ಗಾರೆ ತುಂಬಿರ್ಲಿಲ್ಲ ರೀ. ಮೂಲೇಲಿ ಒಂದು ಮೊಳದಷ್ಟು ಹಾಗೇ ಬಿಟ್ಟಿದ್ರಿ. ಮೊದಲ ಮಳೆಗೇ ಪಟ್ಟಿ ಕಿತ್ತು ಬಂತು. ಟೀಚರಮ್ಮ ನನ್ನ ಹತ್ರ ಹೇಳಿದ್ರು. ಬೇರೆ ತುಂಡು ಮಾಡಿ, ಗಾರೆ ತುಂಬಿ, ಮಡಚಿ ಬಂದೆ. ಮರದ ಕೊಡತಿ ಅಲ್ಲಿ ಆಗಲ್ಲ ಅಂತ ನಿಮ್ಮ ಸುತ್ತಿಗೆ ತಗೊಂಡೆ."

"ಕ್ಷೌರಿಕನ ಮನೇಲಿ?"

"ಅಲ್ಲೂ ಅದೇ."

"ಮತ್ತೆ?"

ಅತ್ತೆ ಬೆರಳು ಮಡಚಿ ಎಣಿಸತೊಡಗಿದಳು. ಒಂದು ಕೈಯ ಬೆರಳು ಸಾಲದೆ ಇನ್ನೊಂದು ಕೈ ಎತ್ತಿದಾಗ, ಎಲ್ಲೆಲ್ಲಿ ಎಂದು ಅವನು ಕೇಳಲಿಲ್ಲ. ತೊಲೆಯ ಮೇಲೆ ಕೈಯಿಟ್ಟುಕೊಂಡು, "ಕಣ್ಣಾ? ತಲೆಯಾ?" ಎಂದ.

"ನಂಗೂ ಗೊತ್ತಿಲ್ಲ ರೀ. ಎಷ್ಟೋ ದಿನ ಎಲ್ಲ ಸರಿ ಇರುತ್ತೆ. ಒಂದೊಂದು ದಿನ ಬಿಟ್ಟು ಬರ್ತೀರ. ಬಿಟ್ಟಿದೀನಿ ಅಂತ ನಿಮಗೆ ಗೊತ್ತಾಗಲ್ಲ. ಹೇಳಿದ್ರೆ ನೀವು ಸುತ್ತಿಗೆ ಕೆಳಗಿಡ್ತೀರ. ಅಷ್ಟು ಜನರ ಮುಂದೆ ಹೇಳಿದೀರಲ್ಲ. ಸುತ್ತಿಗೆ ಇಟ್ಟುಬಿಟ್ರೆ ನೀವು ಏನಾಗ್ತೀರ? ನಿಮ್ಮಪ್ಪ ಏನಾದ್ರು ಅಂತ ನಾನೂ ನೋಡಿದೀನಿ. ಅನ್ನ ಕಲಸಿ ತಿನ್ನಿಸಿದೋಳು ನಾನು." ಅವಳು ಮುಂದಿದ್ದ ಬಕೆಟ್ಟನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, "ಆದ್ರೆ ನಂದು ಯಾಕೆ ಸೋರ್ತು? ನೀವು ಮಾಡೋ ಹಂಗೇ ಮಾಡಿದೀನಲ್ಲ! ಒಂದು ಚೂರೂ ಆಚೀಚೆ ಇಲ್ಲ!" ಎಂದಳು.

ಮಾವ ಅವಳನ್ನು ನೋಡಿದ. ತೊಲೆಯ ಆಚೆ ಇದ್ದಾಳೆ, ಮದುವೆಯಾದಂದಿನಿಂದ ಆಚೆಯೇ ಇದ್ದಾಳೆ. ಒಂದು ಚೂರೂ ಆಚೀಚೆ ಇಲ್ಲ, ಎಲ್ಲ ಸರಿಯಾಗಿಯೇ ಉಲ್ಟಾ. ತಾನು ಒಂದು ದಿನವೂ ಅವಳಿಗೆ ಗಾಳಿಯ ಮಾತು ಹೇಳಿರಲಿಲ್ಲ. ಹೇಳಬೇಕು ಎಂದು ಹೊಳೆದಿರಲೂ ಇಲ್ಲ. ಅವನಿಗೆ ನಾಚಿಕೆಯೂ ಆಯಿತು, ಹೆದರಿಕೆ ಮತ್ತೆ ಬಂದು ಕೂತಿತು, ಅವೆರಡರ ನಡುವೆ ಈ ಹೆಂಗಸನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕೆನಿಸಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಅವನು ಎದ್ದು ಗೋಡೆಯ ಮೊಳೆಯಿಂದ ಸುತ್ತಿಗೆ ತೆಗೆದ. ಅತ್ತೆಯ ಮುಖ ಬಿಳಿಚಿತು. ಕೆಳಗಿಡಲಿಕ್ಕೇ ಎಂದು ಅವಳು ತಿಳಿದಳು.

"ಏಳು," ಎಂದ ಮಾವ. "ಗಾರೆ ಕಲಸ್ಕೋ. ಮಳೆ ಬರೋದ್ರೊಳಗೆ ಹೋಗಿಬರೋಣ."

ಟೀಚರಮ್ಮನ ಮನೆಯ ಹಿಂದೆ ಏಣಿ ಹಾಗೇ ಇತ್ತು. ಮೊದಲು ಮಾವ ಹತ್ತಿದ, ಆಮೇಲೆ ಅತ್ತೆ, ಮಂಡಿ ಹಿಡಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಗೋಡೆಯ ಬಳಿ ಹೋದವಳು ಅಭ್ಯಾಸದಂತೆ ಅವನ ಎದುರಿಗೆ ಕೂರಲು ನೋಡಿದಳು. ಎದುರಿಗೆ ಗೋಡೆ ಇತ್ತು. ಎಲ್ಲಿ ಕೂರಬೇಕೆಂದು ತಿಳಿಯದೆ ತಬ್ಬಿಬ್ಬಾಗಿ ನಿಂತಳು.

"ಇಲ್ಲಿ. ನನ್ನ ಪಕ್ಕ," ಎಂದು ಮಾವ ಜಾಗ ಬಿಟ್ಟ.

ಇಬ್ಬರೂ ಒಂದೇ ಕಡೆಗೆ ಮುಖ ಮಾಡಿ ಕೂತರು. "ಅಗೋ ನೀರಿನ ಟ್ಯಾಂಕು. ಮಳೆ ಅಲ್ಲಿಂದ ಬರೋದು. ಬಾಯಿ ಅದರ ಕಡೆಗೆ ಇರಬಾರದು," ಎಂದ ಮಾವ. ಅತ್ತೆ ಟ್ಯಾಂಕಿನ ಕಡೆ ನೋಡಿದಳು, ಮಡಿಕೆಯ ಕಡೆ ನೋಡಿದಳು. "ಅಷ್ಟೇನಾ? ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?" ಎಂದಳು.

ಸುತ್ತಿಗೆ ಅವಳ ಕೈಗೆ ಕೊಟ್ಟು ಮಾವ ತುಂಡು ಬಿಚ್ಚಿ ತಿರುಗಿಸಿ ಹಿಡಿದ. ಅವಳ ಕೈ ಹಳೆಯ ಚಾಳಿಗೆ ಎಡಕ್ಕೇ ಎಳೆಯುತ್ತಿತ್ತು. ಅವನು ಮಣಿಕಟ್ಟು ಹಿಡಿದು ಬಲಕ್ಕೆ ತಿರುಗಿಸುತ್ತಿದ್ದ. ಆಮೇಲೆ ಮಾವ ಗೀರಿಗೆ ಗಾರೆ ತುಂಬಿದ, ನಿಧಾನವಾಗಿ, ಉದ್ದಕ್ಕೂ. ಮುಗಿಸಿ ಕೈ ಒರೆಸಿಕೊಂಡು, "ಆಯ್ತು," ಎಂದ.

ಅತ್ತೆ ಬೆರಳಿನಿಂದ ಗೀರನ್ನು ಸವರುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಅವನ ಕೈ ಹಿಡಿದು, ಅವನ ಬೆರಳನ್ನು ಆ ಜಾಗದಲ್ಲಿ ಇಟ್ಟಳು. ಅಲ್ಲಿ ಗಾರೆ ಇರಲಿಲ್ಲ, ಬರೀ ಗೀರು ಇತ್ತು. ಮಾವ ಸ್ವಲ್ಪ ಹೊತ್ತು ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದ. ಆಮೇಲೆ ಗಾರೆ ತೆಗೆದುಕೊಂಡು ತುಂಬಿದ.

"ಇನ್ನೆಲ್ಲಿ?"

"ಇನ್ನಿಲ್ಲ."

"ನಿಜ ಹೇಳು."

"ಇಲ್ಲೊಂದು ಚೂರು," ಎಂದಳು ಅತ್ತೆ. ಅದನ್ನೂ ತುಂಬಿದ.

ಮಡಿಕೆಗೆ ಕೊನೆಯ ಏಟುಗಳನ್ನು ಅತ್ತೆ ಹಾಕುತ್ತಿದ್ದಾಗ ಹಿಂಬಾಗಿಲು ತೆರೆದ ಸದ್ದಾಯಿತು. ಟೀಚರಮ್ಮ ಹೊಸ್ತಿಲಲ್ಲೇ ನಿಂತು ಕೂಗಿದರು. "ಮೇಲ್ಯಾರು?"

ಸುತ್ತಿಗೆ ನಿಂತಿತು. ಅತ್ತೆ ಗಂಡನ ಮುಖ ನೋಡಿದಳು. ಎಷ್ಟೋ ಚಾವಣಿಗಳ ಮೇಲೆ ಅವಳು ಈ ಪ್ರಶ್ನೆಗೆ ಉಸಿರು ಬಿಗಿಹಿಡಿದು ಕೂತವಳು. ಮಾವ ಬಾಯಿ ತೆರೆದ, ಮತ್ತೆ ಮುಚ್ಚಿದ. ಮೊಣಕೈಯಿಂದ ಅವಳನ್ನು ಮೆಲ್ಲಗೆ ತಿವಿದ.

"ಮೇಲ್ಯಾರು ಅಂದೆ!"

"ಹೇಳೇ, ಕೇಳ್ತಿದಾರಲ್ಲ," ಎಂದ ಮಾವ. "ಸುತ್ತಿಗೆ ಇರೋದು ನಿನ್ನ ಕೈಯಲ್ಲಿ."

ಅತ್ತೆ ಗಂಟಲು ಸರಿಮಾಡಿಕೊಂಡಳು. ಮೊದಲ ಸಲ ದನಿ ಹೊರಡಲಿಲ್ಲ. ಎರಡನೆಯ ಸಲ ಎಷ್ಟು ಜೋರಾಗಿ ಬಂತೆಂದರೆ, ಆಚೆ ಮನೆಯ ಕ್ಷೌರಿಕ ಬಾಚಣಿಗೆ ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಂದ.

"ನಾನು!"